ಗಂಡಸರಿಗೆ ಲೈಂಗಿಕ ಆಸೆ ಕುಗ್ಗಿದೆ ಅಂದ ಕೂಡಲೇ ಟೆಸ್ಟೋಸ್ಟೆರಾನ್ ಬೇಕಾ? ಜೆಲ್, ಇಂಜೆಕ್ಷನ್, ಮಾತ್ರೆ ಮತ್ತು ಬಾಕಿ ದಾರಿಗಳ ಹೋಲಿಕೆ

ಮೊದಲು ಒಂದು ಪ್ರಶ್ನೆ. ನಿಮಗೆ ಬೇಕು ಅಂತಲೇ ಅನಿಸುತ್ತಿಲ್ಲವೋ, ಇಲ್ಲಾ ಬೇಕು ಅನಿಸಿದರೂ ದೇಹ ಮಾತು ಕೇಳುತ್ತಿಲ್ಲವೋ?

ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಮೊದಲನೆಯದು ಆಸಕ್ತಿಯ ತೊಂದರೆ. ಎರಡನೆಯದು ನಿಮಿರುವಿಕೆಯ ತೊಂದರೆ, ವಯಸ್ಸಾದವರಲ್ಲಿ ಹೆಚ್ಚಾಗಿ ಅದು ರಕ್ತನಾಳಗಳ ತೊಂದರೆ. ಇವೆರಡಕ್ಕೂ ಮದ್ದು ಬೇರೆ, ಅಪಾಯ ಬೇರೆ. ಅರವತ್ತು ದಾಟಿದವರಲ್ಲಿ ಎರಡೂ ಒಟ್ಟಿಗೆ ಇರುವುದೂ ಉಂಟು, ಒಂದು ಇನ್ನೊಂದನ್ನು ಹುಟ್ಟಿಸುವುದೂ ಉಂಟು. ನಾಲ್ಕು ಸಲ ಆಗಲಿಲ್ಲ ಅಂದರೆ ಐದನೇ ಸಲ ಮನಸ್ಸೇ ಆ ಕಡೆ ಹೋಗುವುದಿಲ್ಲ, ಮತ್ತೆ ಮುಖ ಸಣ್ಣದು ಮಾಡಿಕೊಳ್ಳುವುದು ಯಾಕೆ ಅಂತ. ಆಮೇಲೆ "ನನಗೆ ಆಸೆನೇ ಇಲ್ಲ" ಅಂದುಕೊಂಡು ಗಂಡಸರ ಮುಖ್ಯ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಹುಡುಕಿಕೊಂಡು ಹೊರಡುತ್ತಾರೆ. ಅವರಿಗೆ ಬೇಕಿದ್ದದ್ದು ಬೇರೆಯದೇ ಮಾತ್ರೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯಲ್ಲಿ ಎರಡು ಸಲ ಕಡಿಮೆ ಬಂದು, ಕೊರತೆ ಆಸೆಯದ್ದೇ ಅಂತ ಗೊತ್ತಾದರೆ ಟೆಸ್ಟೋಸ್ಟೆರಾನ್ ನೋಡಬಹುದು. ಆದರೆ ಬೇಡ ಅನಿಸಿದ ದಿನ ನಿಲ್ಲಿಸಲು ಬರುವ ರೂಪದಲ್ಲೇ ಶುರು ಮಾಡಬೇಕು. ಉಳಿದವರಿಗೆ ಇದಕ್ಕಿಂತ ಒಳ್ಳೆಯ ದಾರಿಗಳಿವೆ.

ರಕ್ತ ಪರೀಕ್ಷೆ: ಇಲ್ಲೇ ಅರ್ಧ ಜನ ಎಡವುವುದು

ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೆ, ಅದರಲ್ಲೂ ಸಿಹಿ ತಿಂದರೆ, ಇನ್ನೂ ಇಳಿಯುತ್ತದೆ. ಜ್ವರ ಬಂದಾಗ, ಆಸ್ಪತ್ರೆಯಲ್ಲಿ ಮಲಗಿ ಎದ್ದ ಹೊಸದರಲ್ಲಿ, ಆಪರೇಷನ್ ಆದ ಮೇಲೆ ತಾನಾಗಿಯೇ ಕೆಳಗೆ ಬೀಳುತ್ತದೆ. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ ಹೋಗಿ ರಕ್ತ ಕೊಟ್ಟು ಬಂದು, ಬಂದ ಅಂಕಿ ನೋಡಿ ಗಾಬರಿಯಾಗುವುದಕ್ಕೆ ಅರ್ಥವಿಲ್ಲ. ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ಒಳಗೆ, ಆರೋಗ್ಯ ಸರಿಯಿರುವಾಗ, ಮತ್ತು ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆ ಆಗಬೇಕು. ಒಂದೇ ಸಲದ ಅಂಕಿ ನೋಡಿ ಚಿಕಿತ್ಸೆ ಶುರು ಮಾಡೋಣ ಅನ್ನುವ ಡಾಕ್ಟರ್ ಸಿಕ್ಕರೆ ಇನ್ನೊಬ್ಬರನ್ನು ಕೇಳಿ.

ಎಷ್ಟಿದ್ದರೆ ಕಡಿಮೆ? ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಒಂದು ಡೆಸಿಲೀಟರ್‌ಗೆ 300 ನ್ಯಾನೋಗ್ರಾಂ ಅಂತ ಗೆರೆ ಎಳೆಯಿತು. ಅದೇ ವರ್ಷ ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ 264 ಅಂದಿತು. ಈ ಎರಡರ ಮಧ್ಯೆ ಇರುವವರು ತುಂಬಾ ಜನ. ಅವರಿಗೆ ಅಂಕಿಗಿಂತ ಲಕ್ಷಣವೇ ಮುಖ್ಯ.

ಲಕ್ಷಣ ಅಂದರೆ ಏನು? ಸುಸ್ತು, ಮರೆವು, ಹೊಟ್ಟೆ ಬಂದಿರುವುದು, ಸಿಟ್ಟು, ಇವನ್ನೆಲ್ಲ ಜಾಹೀರಾತುಗಳು ಟೆಸ್ಟೋಸ್ಟೆರಾನ್ ತಲೆಗೆ ಕಟ್ಟುತ್ತವೆ. ಅರವತ್ತೈದರ ಯಾರಿಗೆ ಸುಸ್ತು ಇಲ್ಲ ಹೇಳಿ? ಯುರೋಪಿನ ಎಂಟು ಕಡೆಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ನೋಡಿದ ಅಧ್ಯಯನವೊಂದು 2010ರಲ್ಲಿ ಬಂತು. ಹಾರ್ಮೋನ್ ಕೊರತೆಯ ಜೊತೆ ಗಟ್ಟಿಯಾಗಿ ಹೊಂದಿಕೆಯಾದದ್ದು ಮೂರೇ ಲಕ್ಷಣ: ಬೆಳಗಿನ ಜಾವದ ನಿಮಿರುವಿಕೆ ಕಡಿಮೆಯಾಗುವುದು, ಲೈಂಗಿಕ ಯೋಚನೆಗಳೇ ಬಾರದಿರುವುದು, ಮತ್ತು ನಿಮಿರುವಿಕೆಯ ತೊಂದರೆ. ಈ ಮೂರೂ ಇದ್ದು, ರಕ್ತದಲ್ಲೂ ಕಡಿಮೆ ಇದ್ದವರು ಎಷ್ಟು ಗೊತ್ತಾ? ನೂರಕ್ಕೆ ಸುಮಾರು ಎರಡು ಮಂದಿ, ಅಷ್ಟೇ. ವಯಸ್ಸಾದಂತೆ ಟೆಸ್ಟೋಸ್ಟೆರಾನ್ ವರ್ಷಕ್ಕೆ ಹೆಚ್ಚುಕಡಿಮೆ 1 ಶೇಕಡಾ ಇಳಿಯುವುದು ನಿಜ. ಹಾಗಂತ ಇಳಿದವರೆಲ್ಲ ಕೊರತೆಯವರಲ್ಲ.

ಬೊಜ್ಜು ಇದ್ದವರಿಗೆ, ತುಂಬಾ ವಯಸ್ಸಾದವರಿಗೆ ಇನ್ನೊಂದು ತೊಡಕಿದೆ. ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನ್ ಇದೆ, ವರದಿಯಲ್ಲಿ ಎಸ್‌ಎಚ್‌ಬಿಜಿ ಅಂತ ಬರೆದಿರುತ್ತದೆ. ತೂಕ ಜಾಸ್ತಿಯಾದರೆ ಅದು ಇಳಿಯುತ್ತದೆ, ವಯಸ್ಸಾದರೆ ಏರುತ್ತದೆ. ಆಗ ಒಟ್ಟು ಅಂಕಿ ದಾರಿ ತಪ್ಪಿಸುತ್ತದೆ. ಬಿಡಿ ಟೆಸ್ಟೋಸ್ಟೆರಾನ್, ಅಂದರೆ ಫ್ರೀ ಟೆಸ್ಟೋಸ್ಟೆರಾನ್ ಎಷ್ಟು ಅಂತ ಲೆಕ್ಕ ಹಾಕಿಸಬೇಕು.

ಎರಡು ಸಲವೂ ಕಡಿಮೆ ಬಂದರೆ ಎಲ್‌ಎಚ್, ಎಫ್‌ಎಸ್‌ಎಚ್ ನೋಡದೆ ಮುಂದೆ ಹೋಗಬೇಡಿ. ಇವು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳಿಸುವ ಆದೇಶಗಳು. ಆದೇಶ ಜೋರಾಗಿದ್ದೂ ಟೆಸ್ಟೋಸ್ಟೆರಾನ್ ಕಡಿಮೆ ಇದ್ದರೆ ತೊಂದರೆ ವೃಷಣದಲ್ಲಿ. ಆದೇಶವೇ ಕಡಿಮೆಯಿದ್ದರೆ ತೊಂದರೆ ಮೇಲೆ, ಆಗ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಕೂಡ ನೋಡಬೇಕು. ಅಪರೂಪಕ್ಕೆ ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ ಸಿಗುತ್ತದೆ. ಅದನ್ನು ಬಿಟ್ಟು ಸುಮ್ನೆ ಜೆಲ್ ಹಚ್ಚಿಕೊಂಡು ಕೂತರೆ ಮೂಲ ಕಾಯಿಲೆ ಒಳಗೇ ಬೆಳೆಯುತ್ತದೆ.

ದಾರಿ ಒಂದು: ಆಸೆ ಕದ್ದವರನ್ನು ಹಿಡಿಯುವುದು

ಇದು ಎಲ್ಲರೂ ಹಾರಿಸಿಕೊಂಡು ಓದುವ ಭಾಗ, ಯಾಕಂದರೆ ಇದರಲ್ಲಿ ಇಂಜೆಕ್ಷನ್ ಇಲ್ಲ. ಆದರೂ ನಾನು ಇದನ್ನೇ ಮೊದಲು ಇಡುತ್ತೇನೆ.

ನೀವು ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೆಗೆಯಿರಿ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು, ಉದಾಹರಣೆಗೆ ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ಆಸೆಯನ್ನು ತಗ್ಗಿಸುತ್ತವೆ. ಪ್ರಾಸ್ಟೇಟ್ ದಪ್ಪಗಾಗಿದೆ ಅಂತ ಅಥವಾ ಕೂದಲು ಉದುರುತ್ತದೆ ಅಂತ ತಿನ್ನುವ ಫಿನಾಸ್ಟೆರೈಡ್ ಕೆಲವರಲ್ಲಿ ಹೀಗೇ ಮಾಡುತ್ತದೆ. ಬಿಪಿ ಮತ್ತು ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ. ಬೆನ್ನುನೋವಿಗೆ ಅಂತ ತಿಂಗಳುಗಟ್ಟಲೆ ತಿನ್ನುವ ಟ್ರಮಡಾಲ್‌ನಂಥ ಒಪಿಯಾಯ್ಡ್ (ಅಫೀಮಿನ ಜಾತಿಯ) ಮಾತ್ರೆಗಳು ಟೆಸ್ಟೋಸ್ಟೆರಾನನ್ನೇ ನೇರವಾಗಿ ಬೀಳಿಸುತ್ತವೆ. ವಾಂತಿಗೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಅದು ಏರಿದರೆ ಆಸೆ ಇಳಿಯುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಆದರೆ ಪಟ್ಟಿ ಹಿಡಿದು ಹೋಗಿ ಕೇಳಿ. ಬದಲಿ ಮಾತ್ರೆ ಸಿಗುವುದು ಕಷ್ಟವಲ್ಲ. ಖಿನ್ನತೆಗೆ ಬುಪ್ರೊಪಿಯಾನ್ ಅಂತ ಒಂದಿದೆ, ಅದರಲ್ಲಿ ಈ ಕಾಟ ಕಡಿಮೆ.

ಇನ್ನು ಖಿನ್ನತೆಯೇ ಆಸೆ ಕೊಲ್ಲುತ್ತದೆ. ಕೆಲಸದಿಂದ ನಿವೃತ್ತಿಯಾಗಿ, ದಿನ ಹೇಗೆ ಕಳೆಯುವುದು ಅಂತ ಗೊತ್ತಾಗದೆ, ಊಟ ನಿದ್ದೆ ಹಾಡು ಯಾವುದೂ ರುಚಿಸದೆ ಇರುವವನಿಗೆ ಇದೊಂದೇ ರುಚಿಸಬೇಕು ಅಂದರೆ ಹೇಗೆ? ಅವನಿಗೆ ಬೇಕಾದದ್ದು ಮನಸ್ಸಿನ ಚಿಕಿತ್ಸೆ.

ನಿದ್ದೆ. ಇದನ್ನು ಜನ ಎಷ್ಟು ಹಗುರವಾಗಿ ತಗೊಳ್ಳುತ್ತಾರೆ ಅಂದರೆ ನನಗೆ ಆಶ್ಚರ್ಯ. 2011ರಲ್ಲಿ ಹತ್ತು ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ ಐದೇ ಗಂಟೆ ಮಲಗಲು ಬಿಟ್ಟರು. ಹಗಲಿನ ಟೆಸ್ಟೋಸ್ಟೆರಾನ್ 10ರಿಂದ 15 ಶೇಕಡಾ ಇಳಿಯಿತು. ಹತ್ತೇ ಜನರ ಸಣ್ಣ ಪ್ರಯೋಗ ಇದು, ಆದರೆ ಒಂದು ವಾರದ ನಿದ್ದೆಗೆಟ್ಟದ್ದು ಹತ್ತು ವರ್ಷದ ಇಳಿತಕ್ಕೆ ಸಮ ಅಂದರೆ ಯೋಚಿಸಬೇಕಾದ ವಿಷಯ ಅಲ್ವಾ? ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂತಾಗುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಅದಿದ್ದವರಿಗೆ ಮೊದಲು ಅದರ ಚಿಕಿತ್ಸೆ ಆಗಬೇಕು, ಯಾಕಂದರೆ ಜೋರಾದ ಸ್ಲೀಪ್ ಆಪ್ನಿಯಾಗೆ ಮದ್ದು ಮಾಡದೆ ಟೆಸ್ಟೋಸ್ಟೆರಾನ್ ಕೊಡಬಾರದು ಅಂತಲೇ ನಿಯಮವಿದೆ.

ತೂಕ. ಹೊಟ್ಟೆಯ ಕೊಬ್ಬಿನಲ್ಲಿ ಟೆಸ್ಟೋಸ್ಟೆರಾನ್ ಹೆಂಗಸರ ಹಾರ್ಮೋನ್ ಆದ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಮೇಲಿನಿಂದ ಬರುವ ಆದೇಶವೂ ತಗ್ಗುತ್ತದೆ. ತೂಕ ಇಳಿದಷ್ಟೂ ಅಂಕಿ ಏರುತ್ತದೆ. ಎರಡು ಕೆಜಿಗೆ ಏನೂ ಗೊತ್ತಾಗುವುದಿಲ್ಲ. ಮೈ ತೂಕದ ಹತ್ತನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಇಳಿದರೆ ಗೊತ್ತಾಗುತ್ತದೆ. ಕುಡಿತ ಜಾಸ್ತಿ ಇದ್ದರೆ ಅದರ ಮಾತು ಬೇರೆ ಹೇಳಬೇಕಿಲ್ಲ.

ಈ ದಾರಿಯ ಕೊರತೆ ಏನೆಂದರೆ ನಿಧಾನ. ಆರು ತಿಂಗಳು ಬೇಕು, ಛಲ ಬೇಕು. ಲಾಭ ಏನೆಂದರೆ ಇದರಲ್ಲಿ ಕೆಟ್ಟ ಪರಿಣಾಮ ಇಲ್ಲ, ಮತ್ತು ಬಿಪಿ, ಶುಗರ್ ಎಲ್ಲ ಜೊತೆಗೇ ಸುಧಾರಿಸುತ್ತವೆ.

ದಾರಿ ಎರಡು: ಸಿಲ್ಡೆನಾಫಿಲ್, ಟಡಾಲಫಿಲ್

ಆಸೆ ಇದೆ, ಆಗುತ್ತಿಲ್ಲ ಅನ್ನುವವರಿಗೆ ಇದೇ ಮೊದಲ ಮದ್ದು. ಸಿಲ್ಡೆನಾಫಿಲ್ ಮೂಲದಲ್ಲಿ ಎದೆನೋವಿಗೆ ಅಂತ ಹುಡುಕಿದ ಔಷಧ, 1998ರಲ್ಲಿ ಈ ಕೆಲಸಕ್ಕೆ ಮಾರುಕಟ್ಟೆಗೆ ಬಂತು. ನಾಲ್ಕೈದು ಗಂಟೆ ಕೆಲಸ ಮಾಡುತ್ತದೆ, ಎಣ್ಣೆ ಜಿಡ್ಡಿನ ಊಟದ ಮೇಲೆ ತಗೊಂಡರೆ ನಿಧಾನವಾಗುತ್ತದೆ. ಟಡಾಲಫಿಲ್ 36 ಗಂಟೆಯವರೆಗೆ ಇರುತ್ತದೆ, ಊಟದ ಚಿಂತೆ ಇಲ್ಲ. ಕಡಿಮೆ ಡೋಸಿನಲ್ಲಿ ದಿನವೂ ತಗೊಳ್ಳಬಹುದು, ಪ್ರಾಸ್ಟೇಟ್ ದಪ್ಪಗಾಗಿ ಮೂತ್ರದ ತೊಂದರೆ ಇದ್ದವರಿಗೆ ಅದಕ್ಕೂ ಉಪಯೋಗ. ಗಡಿಯಾರ ನೋಡಿಕೊಂಡು ಸಂಸಾರ ಮಾಡುವುದು ಇಷ್ಟವಿಲ್ಲದವರಿಗೆ ಟಡಾಲಫಿಲ್ ವಾಸಿ ಅಂತ ನನ್ನ ಅಭಿಪ್ರಾಯ.

ಒಂದು ಮಾತು ಮಾತ್ರ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಎದೆನೋವಿಗೆ ನೈಟ್ರೇಟ್ ಮಾತ್ರೆ, ನಾಲಿಗೆ ಕೆಳಗೆ ಇಡುವ ಮಾತ್ರೆ ಅಥವಾ ಸ್ಪ್ರೇ ಬಳಸುವವರು ಇವನ್ನು ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಸಂಚಕಾರ ಬರುತ್ತದೆ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಥರದ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳಿ ಕಡಿಮೆ ಡೋಸಿನಿಂದ ಶುರು ಮಾಡಬೇಕು.

ಈ ಮಾತ್ರೆಗಳು ಆಸೆ ಹುಟ್ಟಿಸುವುದಿಲ್ಲ. ಮನಸ್ಸು ಆ ಕಡೆ ಹೋಗದಿದ್ದರೆ ಮಾತ್ರೆ ಸುಮ್ಮನೆ ಕೂತಿರುತ್ತದೆ. ಆದರೆ ಮೇಲೆ ಹೇಳಿದ ಹಾಗೆ ಸೋಲಿನ ಭಯದಿಂದ ಆಸೆ ಓಡಿಹೋಗಿದ್ದರೆ, ಒಂದೆರಡು ಸಲ ಸರಿಯಾಗಿ ನಡೆದ ಮೇಲೆ ಅದು ತಾನೇ ವಾಪಸ್ ಬರುವುದುಂಟು.

ಇನ್ನೊಂದು ವಿಷಯ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು. ಹಾಗಾಗಿ ಕೊಬ್ಬು ಕಟ್ಟುವುದು ಮೊದಲು ಗೊತ್ತಾಗುವುದು ಅಲ್ಲೇ, ಹೃದಯದ ತೊಂದರೆ ಕಾಣಿಸಿಕೊಳ್ಳುವ ಕೆಲವು ವರ್ಷ ಮುಂಚೆ. ಹೊಸದಾಗಿ ನಿಮಿರುವಿಕೆಯ ತೊಂದರೆ ಶುರುವಾಗಿದ್ದರೆ ಮಾತ್ರೆಯ ಜೊತೆ ಹೃದಯದ ತಪಾಸಣೆಯೂ ಆಗಲಿ.

ದಾರಿ ಮೂರು: ಟೆಸ್ಟೋಸ್ಟೆರಾನ್. ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇದರ ಬಗ್ಗೆ ಊಹಾಪೋಹ ಬೇಡ, ಎರಡು ದೊಡ್ಡ ಅಧ್ಯಯನಗಳಿವೆ.

ಮೊದಲನೆಯದು 2016ರಲ್ಲಿ ಪ್ರಕಟವಾದ ಟೆಸ್ಟೋಸ್ಟೆರಾನ್ ಟ್ರಯಲ್ಸ್. 65 ದಾಟಿದ, ಮಟ್ಟ 275ಕ್ಕಿಂತ ಕಡಿಮೆ ಇದ್ದ 790 ಗಂಡಸರು. ಅರ್ಧ ಜನಕ್ಕೆ ಒಂದು ವರ್ಷ ಟೆಸ್ಟೋಸ್ಟೆರಾನ್ ಜೆಲ್, ಉಳಿದವರಿಗೆ ಮದ್ದಿಲ್ಲದ ಬರೀ ಜೆಲ್. (ಈ 790 ಜನ ಸಿಗಬೇಕಾದರೆ 51,085 ಜನರನ್ನು ಜರಡಿ ಹಿಡಿಯಬೇಕಾಯಿತು. ಬೇರೆ ಷರತ್ತುಗಳೂ ಇದ್ದವು ನಿಜ, ಆದರೂ ನಿಜವಾದ ಕೊರತೆಯವರು ಎಷ್ಟು ಕಡಿಮೆ ಅಂತ ಇದರಿಂದಲೇ ಗೊತ್ತಾಗುತ್ತದೆ.) ಜೆಲ್ ಹಚ್ಚಿದವರಲ್ಲಿ ಆಸೆ ಹೆಚ್ಚಿತು, ಲೈಂಗಿಕ ಚಟುವಟಿಕೆ ಹೆಚ್ಚಿತು, ನಿಮಿರುವಿಕೆ ಸ್ವಲ್ಪ ಸುಧಾರಿಸಿತು. "ಸ್ವಲ್ಪ" ಅನ್ನುವ ಮಾತನ್ನು ಮರೆಯಬೇಡಿ. ನಿಮಿರುವಿಕೆಯ ಮಟ್ಟಿಗೆ ಸಿಲ್ಡೆನಾಫಿಲ್ ಥರದ ಮಾತ್ರೆಗಳಿಂದ ಸಿಗುವ ಲಾಭಕ್ಕಿಂತ ಇದು ಕಡಿಮೆಯೇ. ಸುಸ್ತು ಹೋಗಿ ಚೈತನ್ಯ ಬರುತ್ತದೆ ಅನ್ನುವ ನಿರೀಕ್ಷೆ ಈಡೇರಲಿಲ್ಲ. ನೆನಪಿನ ಶಕ್ತಿಗೂ ಏನೂ ಆಗಲಿಲ್ಲ.

ಎರಡನೆಯದು 2023ರಲ್ಲಿ ಬಂದ ಟ್ರಾವರ್ಸ್. 45ರಿಂದ 80 ವರ್ಷದ, ಹೃದಯದ ಕಾಯಿಲೆ ಇದ್ದ ಅಥವಾ ಬರುವ ಅಪಾಯ ಹೆಚ್ಚಿದ್ದ 5,200ಕ್ಕೂ ಹೆಚ್ಚು ಜನ. ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಸಾವು, ಮೂರೂ ಸೇರಿ ಟೆಸ್ಟೋಸ್ಟೆರಾನ್ ಜೆಲ್ ಗುಂಪಿನಲ್ಲಿ 7.0 ಶೇಕಡಾ, ಮದ್ದಿಲ್ಲದ ಜೆಲ್ ಗುಂಪಿನಲ್ಲಿ 7.3 ಶೇಕಡಾ. ಅಂದರೆ ಹೃದಯಾಘಾತ ತರುತ್ತದೆ ಅನ್ನುವ ಹಳೆಯ ಭಯ ತುಂಬಾ ಮಟ್ಟಿಗೆ ಕಡಿಮೆಯಾಯಿತು. ಆದರೆ ಅಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಪೆಟ್ಟು, ಈ ಮೂರೂ ಟೆಸ್ಟೋಸ್ಟೆರಾನ್ ಗುಂಪಿನಲ್ಲಿ ಸ್ವಲ್ಪ ಜಾಸ್ತಿ. ಮೂಳೆ ಗಟ್ಟಿಯಾಗುತ್ತದೆ ಅಂದುಕೊಂಡಿದ್ದರೆ ಮೂಳೆ ಮುರಿದವರೂ ಟೆಸ್ಟೋಸ್ಟೆರಾನ್ ಗುಂಪಿನಲ್ಲೇ ಜಾಸ್ತಿ, 3.5 ಶೇಕಡಾ, ಇನ್ನೊಂದು ಕಡೆ 2.5ರ ಹತ್ತಿರ. ಇದು ಯಾರೂ ಎಣಿಸಿರದ ಫಲಿತಾಂಶ. ಇದೇ ಅಧ್ಯಯನದಲ್ಲಿ ಆಸೆ ಕಡಿಮೆಯಿದ್ದ ಒಂದು ಗುಂಪನ್ನು ಬೇರೆಯಾಗಿ ನೋಡಿದರು. ಆಸೆ ಹೆಚ್ಚಿತು, ಚಟುವಟಿಕೆ ಹೆಚ್ಚಿತು, ನಿಮಿರುವಿಕೆ ಸುಧಾರಿಸಲಿಲ್ಲ.

ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಈಗ ಅರ್ಥ ಬಂತಲ್ಲ. ಟೆಸ್ಟೋಸ್ಟೆರಾನ್ ಮುಖ್ಯವಾಗಿ ಆಸೆಯ ಮದ್ದು, ಅದೂ ಕೊರತೆ ಇದ್ದವರಿಗೆ. 2020ರಲ್ಲಿ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಕೂಡ ಇದನ್ನೇ ಹೇಳಿತು: ವಯಸ್ಸಿನಿಂದ ಟೆಸ್ಟೋಸ್ಟೆರಾನ್ ಕಡಿಮೆಯಾದವರಿಗೆ ಲೈಂಗಿಕ ತೊಂದರೆ ಇದ್ದರೆ ಮಾತ್ರ ಇದರ ಮಾತು ಎತ್ತಿ, ಸುಸ್ತಿಗೆ, ಶಕ್ತಿಗೆ, ಬುದ್ಧಿಗೆ ಅಂತ ಕೊಡಬೇಡಿ, ಒಂದು ವರ್ಷದೊಳಗೆ ಲಾಭ ಕಾಣದಿದ್ದರೆ ನಿಲ್ಲಿಸಿ.

ಮಟ್ಟ ಸರಿಯಿದ್ದೂ ಇನ್ನಷ್ಟು ಏರಿಸಿದರೆ ಇನ್ನಷ್ಟು ಆಸೆ ಬರುತ್ತದಾ? ಇಲ್ಲ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ.

ಯಾವ ರೂಪ?

ಇಲ್ಲಿ ನಿಜವಾದ ಹೋಲಿಕೆ ಶುರು. ಹೆಚ್ಚುಕಡಿಮೆ ಎಲ್ಲದರಲ್ಲೂ ಇರುವುದು ಒಂದೇ ಹಾರ್ಮೋನ್, ವ್ಯತ್ಯಾಸ ಅದು ಹೇಗೆ ಒಳಗೆ ಹೋಗುತ್ತದೆ, ಎಷ್ಟು ದಿನ ಕೂರುತ್ತದೆ ಅನ್ನುವುದರಲ್ಲಿ.

ಜೆಲ್: ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಭುಜಕ್ಕೆ, ತೋಳಿಗೆ ಹಚ್ಚಿ ಒಣಗಲು ಬಿಡುವುದು. ರಕ್ತದಲ್ಲಿ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಏರಿಳಿತ ಕಡಿಮೆ. ಬೇಡ ಅನಿಸಿದರೆ ನಾಳೆಯಿಂದ ಹಚ್ಚದಿದ್ದರಾಯಿತು, ಕೆಲವೇ ದಿನದಲ್ಲಿ ಮೈಯಿಂದ ಹೋಗುತ್ತದೆ. ಮೇಲೆ ಹೇಳಿದ ಎರಡೂ ಅಧ್ಯಯನ ಜೆಲ್‌ನಲ್ಲೇ ಆದದ್ದು, ಹಾಗಾಗಿ ಇದರ ಬಗ್ಗೆ ನಮಗೆ ಜಾಸ್ತಿ ಗೊತ್ತು. ಕಾಟ ಏನೆಂದರೆ ದಿನಾ ಮರೆಯದೆ ಹಚ್ಚಬೇಕು, ಕೆಲವರ ಚರ್ಮ ಇದನ್ನು ಸರಿಯಾಗಿ ಹೀರುವುದೇ ಇಲ್ಲ, ಮತ್ತೆ ಇನ್ನೊಬ್ಬರ ಮೈಗೆ ತಗಲುತ್ತದೆ. ಈ ಕೊನೆಯದು ಸಣ್ಣ ವಿಷಯವಲ್ಲ. ಜೆಲ್ ಹಚ್ಚಿದ ಭುಜದ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡರೆ ಆ ಮಗುವಿಗೆ ಅಕಾಲದಲ್ಲಿ ಕೂದಲು, ಪ್ರೌಢತನದ ಲಕ್ಷಣ ಕಾಣಿಸಿಕೊಂಡ ಉದಾಹರಣೆಗಳಿವೆ. ಹೆಂಡತಿಯ ಮುಖದ ಮೇಲೆ ಕೂದಲು ಬರಬಹುದು. ಹಚ್ಚಿದ ಮೇಲೆ ಕೈ ತೊಳೆಯಬೇಕು, ಜಾಗ ಬಟ್ಟೆಯಿಂದ ಮುಚ್ಚಬೇಕು, ಯಾರಾದರೂ ಮೈಗೆ ತಾಗುವ ಮುಂಚೆ ಆ ಜಾಗ ತೊಳೆಯಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದು ಸದಾ ಮೈ ಮೇಲೇ ಇರುತ್ತಾರೆ ಅಂದರೆ ನಾನಾದರೆ ಜೆಲ್ ಆರಿಸುವುದಿಲ್ಲ.

ಎರಡು ವಾರದ ಇಂಜೆಕ್ಷನ್: ಎನಾಂಥೇಟ್ ಅಥವಾ ಸಿಪಿಯೊನೇಟ್. ವಾರಕ್ಕೆ 75ರಿಂದ 100 ಮಿಲಿಗ್ರಾಂ, ಅಥವಾ ಎರಡು ವಾರಕ್ಕೊಮ್ಮೆ 150ರಿಂದ 200. ಸಾಮಾನ್ಯವಾಗಿ ಜೆಲ್‌ಗಿಂತ ಅಗ್ಗ, ಮೇಲೆ ಹೇಳಿದ ಫಿಸಿಷಿಯನ್ಸ್ ಸಂಸ್ಥೆ ಇದರ ಕಡೆ ವಾಲಿದ್ದೂ ಅದೇ ಕಾರಣಕ್ಕೆ. ತೊಂದರೆ ಅಂದರೆ ಜೋಕಾಲಿ. ಚುಚ್ಚಿದ ಎರಡು ಮೂರು ದಿನಕ್ಕೆ ಮಟ್ಟ ಮೇಲೇರುತ್ತದೆ, ಎರಡನೇ ವಾರದ ಕೊನೆಗೆ ತಳ ಸೇರುತ್ತದೆ, ಅದರ ಜೊತೆ ಮನಸ್ಸೂ ಆಸೆಯೂ ಏರಿ ಇಳಿಯುತ್ತವೆ. ವಾರಕ್ಕೊಮ್ಮೆ ಅರ್ಧ ಡೋಸ್ ತಗೊಂಡರೆ ಇದು ಕಡಿಮೆಯಾಗುತ್ತದೆ. ರಕ್ತ ದಪ್ಪಗಾಗುವುದು ಜೆಲ್‌ಗಿಂತ ಈ ಇಂಜೆಕ್ಷನ್‌ನಲ್ಲಿ ಜಾಸ್ತಿ, ಅದನ್ನು ಮುಂದೆ ಹೇಳುತ್ತೇನೆ.

ಮೂರು ತಿಂಗಳ ಇಂಜೆಕ್ಷನ್: ಅನ್‌ಡೆಕನೋಯೇಟ್, ಬಹಳ ದೇಶಗಳಲ್ಲಿ 1000 ಮಿಲಿಗ್ರಾಂ. ಮೊದಲನೆಯದಾದ ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಪೃಷ್ಠದ ಸ್ನಾಯುವಿಗೆ ನಿಧಾನವಾಗಿ ಚುಚ್ಚುತ್ತಾರೆ. ಮಟ್ಟ ಸಮನಾಗಿರುತ್ತದೆ, ವರ್ಷಕ್ಕೆ ನಾಲ್ಕೈದು ಸಲ ಹೋದರೆ ಸಾಕು. ಅಪರೂಪಕ್ಕೆ ಎಣ್ಣೆಯ ಹನಿ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಸಿರುಕಟ್ಟು ಬರುತ್ತದೆ, ಅದಕ್ಕೇ ಅಮೆರಿಕದಲ್ಲಿ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಅನುಕೂಲ ನೋಡಿದರೆ ಇದೇ ರಾಜ. ಆದರೆ ಒಮ್ಮೆ ಚುಚ್ಚಿದರೆ ಮೂರು ತಿಂಗಳು ವಾಪಸ್ ತೆಗೆಯಲು ಬರುವುದಿಲ್ಲ. ಹಾಗಾಗಿ ಹೊಸಬರಿಗೆ ಬೇಡ. ಜೆಲ್ ಒಗ್ಗಿದೆ, ಲಾಭ ಕಂಡಿದೆ, ದಿನಾ ಹಚ್ಚಿ ಬೇಜಾರಾಗಿದೆ ಅನ್ನುವವರಿಗೆ ಸರಿ.

ಪೆಲೆಟ್: ಚರ್ಮದ ಕೆಳಗೆ ಹೂತಿಡುವ ಗುಳಿಗೆ, ಮೂರರಿಂದ ಆರು ತಿಂಗಳು. ಮೇಲಿನ ಆಕ್ಷೇಪಣೆ ಇದಕ್ಕೆ ದುಪ್ಪಟ್ಟು. ಮೇಲಾಗಿ ಗಾಯ ಕೀವಾಗಬಹುದು, ಗುಳಿಗೆ ಹೊರಗೆ ಬರಬಹುದು.

ಪ್ಯಾಚ್ ಚರ್ಮ ಕೆಂಪಾಗಿಸಿ ತುರಿಸುತ್ತದೆ, ಜನ ಬಿಟ್ಟುಬಿಡುವುದೇ ಜಾಸ್ತಿ.

ಬಾಯಿಯಲ್ಲಿ ತಗೊಳ್ಳುವುದು: ಇಲ್ಲಿ ಎರಡು ಬಗೆ, ಗೊಂದಲ ಮಾಡಿಕೊಳ್ಳಬೇಡಿ. ಅನ್‌ಡೆಕನೋಯೇಟ್ ಕ್ಯಾಪ್ಸೂಲ್ ಕೊಬ್ಬಿನ ಜೊತೆ ಕರುಳಿನಿಂದ ಹೀರಿಕೊಳ್ಳುತ್ತದೆ, ಲಿವರ್ ತಪ್ಪಿಸಿ ಹೋಗುತ್ತದೆ, ದಿನಕ್ಕೆ ಎರಡು ಸಲ ಊಟದ ಜೊತೆ ತಗೊಳ್ಳಬೇಕು, ಬಿಪಿ ಏರಿಸಬಹುದು. ಇನ್ನೊಂದು ಹಳೆಯ ಮೀಥೈಲ್ ಟೆಸ್ಟೋಸ್ಟೆರಾನ್. ಅದು ಲಿವರ್ ಕೆಡಿಸುತ್ತದೆ. ಯಾರಾದರೂ ಕೊಟ್ಟರೆ ಬೇಡ ಅನ್ನಿ.

ಯಾರಿಗೆ ಬೇಡವೇ ಬೇಡ

ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರಿಗೆ, ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತ ಪರೀಕ್ಷೆ) 4ಕ್ಕಿಂತ ಹೆಚ್ಚಿದ್ದು ಇನ್ನೂ ಕಾರಣ ನೋಡದವರಿಗೆ, ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಹತೋಟಿಯಲ್ಲಿಲ್ಲದ ಹಾರ್ಟ್ ಫೇಲ್ಯೂರ್ ಇದ್ದವರಿಗೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಇದ್ದವರಿಗೆ, ಮೂತ್ರ ಕಟ್ಟುವಷ್ಟು ಪ್ರಾಸ್ಟೇಟ್ ತೊಂದರೆ ಇದ್ದವರಿಗೆ, ಮೊದಲೇ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಜಾಸ್ತಿ ಇದ್ದವರಿಗೆ.

ಮತ್ತೆ ಮಗು ಬೇಕು ಅನ್ನುವವರಿಗೆ. ಇದನ್ನು ಕೇಳಿ ತುಂಬಾ ಜನ ಬೆಚ್ಚುತ್ತಾರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು "ಸಾಕಷ್ಟಿದೆ" ಅಂದುಕೊಂಡು ಆದೇಶ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕೆಲಸವಿಲ್ಲದೆ ಚಿಕ್ಕದಾಗುತ್ತವೆ, ವೀರ್ಯಾಣುಗಳು ಸೊನ್ನೆಗೆ ಇಳಿಯಬಹುದು. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷೆ ಮಾಡಿದ್ದೂ ಇದೆ. ಎರಡನೇ ಮದುವೆಯಾಗಿ ಮಗುವಿನ ಆಸೆ ಇರುವ ಐವತ್ತರ ಗಂಡಸಿಗೆ ಕ್ಲೋಮಿಫೀನ್ ಅಥವಾ ಎಚ್‌ಸಿಜಿ ಬೇರೆ ದಾರಿ. ಅವು ದೇಹದ ಸ್ವಂತ ಉತ್ಪಾದನೆಯನ್ನೇ ಏರಿಸುತ್ತವೆ. ಇದು ತಜ್ಞರ ಕೈಯಲ್ಲೇ ಆಗಬೇಕಾದ ಕೆಲಸ.

ಅಂಗಡಿಯ ಡಬ್ಬಿಗಳು

ಟೆಸ್ಟೋಸ್ಟೆರಾನ್ ಬೂಸ್ಟರ್ ಅಂತ ಮಾರುವವುಗಳಲ್ಲಿ ಸದಾ ಇರುವುದು ನೆಗ್ಗಿಲುಮುಳ್ಳಿನ ಸಾರ. ಮನುಷ್ಯರ ಮೇಲೆ ಪರೀಕ್ಷಿಸಿದಾಗ ಅದು ಟೆಸ್ಟೋಸ್ಟೆರಾನ್ ಏರಿಸಿದ ಗಟ್ಟಿ ಪುರಾವೆ ಸಿಕ್ಕಿಲ್ಲ. ಕೆಲವು ಡಬ್ಬಿ ನಿಜವಾಗಿಯೂ "ಕೆಲಸ ಮಾಡುತ್ತವೆ", ಯಾಕಂದರೆ ಹೇಳದೆ ಕೇಳದೆ ಒಳಗೆ ಸಿಲ್ಡೆನಾಫಿಲ್ ಬೆರೆಸಿರುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವನ್ನು ಮತ್ತೆ ಮತ್ತೆ ಹಿಡಿದಿದೆ. ನೈಟ್ರೇಟ್ ತಗೊಳ್ಳುವ ಮನುಷ್ಯ "ಗಿಡಮೂಲಿಕೆ ತಾನೆ" ಅಂತ ಇದನ್ನು ನುಂಗಿದರೆ ಏನಾಗುತ್ತದೆ ಯೋಚಿಸಿ.

ನಂಬಿಕೆಯ ಶಕ್ತಿಯೂ ಕಡಿಮೆಯದಲ್ಲ. 1889ರಲ್ಲಿ ಬ್ರೌನ್ ಸೆಕಾರ್ ಅನ್ನುವ ಹೆಸರಾಂತ ವಿಜ್ಞಾನಿ, 72ರ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸ ತನಗೇ ಚುಚ್ಚಿಕೊಂಡು ಯೌವನ ಬಂತು ಅಂತ ಸಾರಿದ. ಆ ನೀರುರಸದಲ್ಲಿ ಹಾರ್ಮೋನ್ ಕೆಲಸ ಮಾಡಲು ಸಾಧ್ಯವೇ ಇಲ್ಲದಷ್ಟು ಕಡಿಮೆ ಇತ್ತು. ಟೆಸ್ಟೋಸ್ಟೆರಾನ್ ಅನ್ನುವ ವಸ್ತು ಬೇರ್ಪಟ್ಟು ಕೈಗೆ ಸಿಕ್ಕಿದ್ದೇ 1935ರಲ್ಲಿ.

ಜೊತೆಗಿರುವವರನ್ನು ಕೇಳಿದಿರಾ?

ಹೋಲಿಕೆಯ ಪಟ್ಟಿಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ನನಗೆ ಇದೇ ದೊಡ್ಡದು ಅನಿಸುತ್ತದೆ. ಮುಟ್ಟು ನಿಂತ ಹೆಂಗಸಿಗೆ ಯೋನಿ ಒಣಗಿ ನೋವಾಗುತ್ತದೆ. ಆಕೆ ಬಾಯಿ ಬಿಟ್ಟು ಹೇಳಿರುವುದಿಲ್ಲ, ದೂರ ಸರಿದಿರುತ್ತಾಳೆ. ಗಂಡನೂ ಕ್ರಮೇಣ ಸುಮ್ಮನಾಗಿರುತ್ತಾನೆ. ಈಗ ಅವನೊಬ್ಬನ ಆಸೆ ಮಾತ್ರ ಇಂಜೆಕ್ಷನ್‌ನಿಂದ ಮೇಲೆ ಎತ್ತಿದರೆ ಮನೆಯಲ್ಲಿ ಹೊಸ ಜಗಳ. ಆಕೆಗೆ ಬೇಕಿದ್ದದ್ದು ಜಾರು ಜೆಲ್ ಅಥವಾ ಡಾಕ್ಟರ್ ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್, ಎರಡೂ ಸುಲಭದ ಮದ್ದು. ಇನ್ನು ಇಬ್ಬರಿಗೂ ಬೇಕಿಲ್ಲ, ಇಬ್ಬರೂ ನೆಮ್ಮದಿಯಾಗಿದ್ದಾರೆ ಅಂದರೆ, ಅದು ಕಾಯಿಲೆಯಲ್ಲ. ಯಾವ ಮದ್ದೂ ಬೇಡ ಅನ್ನುವುದೂ ಒಂದು ಸರಿಯಾದ ಆಯ್ಕೆ.

ಶುರು ಮಾಡಿದ ಮೇಲೆ

ಆಸೆಯಲ್ಲಿ ಬದಲಾವಣೆ ಮೂರರಿಂದ ಆರು ವಾರದಲ್ಲಿ ಕಾಣಿಸಬೇಕು. ಮೂರು ತಿಂಗಳಿಗೆ ರಕ್ತ ಪರೀಕ್ಷೆ: ಟೆಸ್ಟೋಸ್ಟೆರಾನ್ ಸಹಜ ಮಟ್ಟದ ಮಧ್ಯಕ್ಕೆ ಬಂದಿದೆಯಾ, ಹೆಮಟೋಕ್ರಿಟ್ ಎಷ್ಟು, ಪಿಎಸ್‌ಎ ಎಷ್ಟು. ಹೆಮಟೋಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಟೆಸ್ಟೋಸ್ಟೆರಾನ್ ಅದನ್ನು ಏರಿಸುತ್ತದೆ, ಮೇಲೆ ಹೇಳಿದ ರಕ್ತ ದಪ್ಪಗಾಗುವುದು ಇದೇ. 54 ಶೇಕಡಾ ದಾಟಿದರೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ನೋಡಬೇಕು. ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳ ಇಂಜೆಕ್ಷನ್ ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನದಲ್ಲಿ ನೂರಕ್ಕೆ 22 ಜನ ಈ ಗೆರೆ ಮುಟ್ಟಿದರು. ಆದ್ದರಿಂದ ಈ ಪರೀಕ್ಷೆ ತಪ್ಪಿಸಬೇಡಿ. ಬಿಪಿಯನ್ನೂ ಮನೆಯಲ್ಲೇ ನೋಡಿಕೊಳ್ಳುತ್ತಿರಿ, 2025ರಿಂದ ಅಮೆರಿಕದಲ್ಲಿ ಎಲ್ಲ ಟೆಸ್ಟೋಸ್ಟೆರಾನ್ ಔಷಧಗಳ ಮೇಲೂ ಬಿಪಿ ಎಚ್ಚರಿಕೆ ಬರೆಯಬೇಕಾಗಿದೆ.

ಶುರು ಮಾಡುವ ದಿನ ಒಂದು ಚೀಟಿಯಲ್ಲಿ ಬರೆದಿಡಿ: ವಾರಕ್ಕೆ ಎಷ್ಟು ಸಲ ಮನಸ್ಸಾಗುತ್ತದೆ, ಬೆಳಿಗ್ಗೆ ನಿಮಿರುವಿಕೆ ಇರುತ್ತದಾ. ಆರು ತಿಂಗಳಾದ ಮೇಲೆ ಆ ಚೀಟಿ ತೆಗೆದು ನೋಡಿ. ರಕ್ತದ ಅಂಕಿ ಏರಿದ್ದೂ ಚೀಟಿಯಲ್ಲಿ ಬದಲಾವಣೆ ಇಲ್ಲ ಅಂದರೆ ನಿಮ್ಮ ತೊಂದರೆ ಟೆಸ್ಟೋಸ್ಟೆರಾನ್‌ದಲ್ಲ, ನಿಲ್ಲಿಸಿ. ಮಲಗಿದ್ದ ಸ್ವಂತ ಉತ್ಪಾದನೆ ಏಳಲು ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಆ ನಡುವೆ ಮೊದಲಿಗಿಂತಲೂ ಮಂಕು, ಸುಸ್ತು, ಸಿಡುಕು ಇರುತ್ತದೆ. ಇದನ್ನು ನೋಡಿ "ಅಯ್ಯೋ ಮದ್ದಿಲ್ಲದೆ ಆಗುವುದೇ ಇಲ್ಲ" ಅಂತ ಮತ್ತೆ ಶುರು ಮಾಡುವವರು ಬಹಳ. ಅದು ದಾಟಿ ಹೋಗುವ ಕಾಲ ಅಂತ ನಿಮಗೂ ಗೊತ್ತಿರಲಿ, ಮನೆಯವರಿಗೂ ಮೊದಲೇ ಹೇಳಿಡಿ.